ಬೆರಳಿಗೆ ಬಂದ ಇಂಗ್ಲಿಷ್

ಮೂವತ್ತನಾಲ್ಕು ವರ್ಷ ಒಂದೇ ಟೈಪಿಂಗ್ ಅಂಗಡಿಯ ಒಂದೇ ಕಿಟಕಿಯ ಪಕ್ಕ ಕೂತು, ಟೈಪಮ್ಮ ಇಂಗ್ಲಿಷನ್ನು ಬೆರಳಿನಿಂದಲೇ ಕಲಿತರು. ಬೆಳಿಗ್ಗೆ ಕಂಪನಿಗಳ ಕಾಗದ, ಮಧ್ಯಾಹ್ನದ ಮೇಲೆ ಸಂಶೋಧಕರ ಪ್ರಬಂಧ. ಕೀಲಿಗಳ ಟಕಟಕದಲ್ಲಿ ಅವರು ಅರೆನಿದ್ದೆಯಲ್ಲಿ ತೇಲುತ್ತಿದ್ದರು. ಬೆರಳುಗಳು ಮಾತ್ರ ಎಚ್ಚರ. ಕಾಗದದ ಇಂಗ್ಲಿಷ್ ಇಸ್ತ್ರಿ ಅಂಗಿ ತೊಟ್ಟು, ಕೈಕಟ್ಟಿ ನಿಂತು ವಿನಂತಿಸುತ್ತಿತ್ತು. ಪ್ರಬಂಧದ ಇಂಗ್ಲಿಷ್ ಯಾವುದನ್ನೂ ಖಂಡಿತ ಎನ್ನದೆ, 'ಎನ್ನಬಹುದಾಗಿದೆ' ಎನ್ನುತ್ತ ಮೋಡದ ಮೇಲೆ ನಡೆಯುತ್ತಿತ್ತು. ಹರಟೆಯ ಇಂಗ್ಲಿಷನ್ನು ಮಾತ್ರ ಯಾರೂ ಟೈಪ್ ಮಾಡಿಸಲು ತಂದಿರಲಿಲ್ಲ. ಹರಟೆಗೆ ಮೂರು ಪ್ರತಿ ಯಾರಿಗೆ ಬೇಕು?

ಬೇಕಾದದ್ದು ಮಗನ ಮದುವೆಯಾದ ಮೇಲೆ. ಸೊಸೆಗೆ ಮನೆಯ ಮಾತು ಬಾರದು, ಇಂಗ್ಲಿಷೊಂದೇ ದಾರಿ. ಮಗ ಇದ್ದಷ್ಟು ದಿನ ಅವನೇ ದುಭಾಷಿ. ಆಮೇಲೆ ಅವನು ಕೆಲಸದ ಮೇಲೆ ಎರಡು ವಾರ ಬೇರೆ ಊರಿಗೆ ಹೋದ.

ಮೊದಲ ಬೆಳಿಗ್ಗೆ ಟೈಪಮ್ಮ ಚಹಾ ಮುಂದಿಟ್ಟು, ಮೇಜಿನಂಚಿನಲ್ಲಿ ಬೆರಳಾಡಿಸುತ್ತ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶ ಇದು: "ಇದರೊಂದಿಗೆ ಚಹಾ ಲಗತ್ತಿಸಿದೆ. ತಲುಪಿದ ಬಗ್ಗೆ ತಿಳಿಸಬೇಕಾಗಿ ವಿನಂತಿ."

ಸೊಸೆ ಎದ್ದು ನಿಂತಳು. "ಥ್ಯಾಂಕ್ಯೂ, ಮ್ಯಾಡಂ."

ಭಾನುವಾರ ಅವಳೇ ಅಡುಗೆ ಮಾಡಿ, ಹೇಗಿದೆ ಎಂದು ಕೇಳಿದಳು. ಟೈಪಮ್ಮನಿಗೆ ಹೊಗಳುವ ಆಸೆ. ಬಾಯಿಗೆ ಬಂದದ್ದು ಪ್ರಬಂಧ: "ಉಪ್ಪಿನ ಪ್ರಮಾಣ ಸಾಲದೆಂದು ಭಾವಿಸಲು ಅವಕಾಶವಿದೆ. ಹೆಚ್ಚಿನ ಅಧ್ಯಯನ ಅಗತ್ಯ." ಸೊಸೆ ತಲೆ ಎತ್ತದೆ ಊಟ ಮುಗಿಸಿದಳು.

ಅಂಗಡಿಯಲ್ಲಿ ಇದನ್ನು ಹೇಳಿಕೊಂಡರೆ ಜೆರಾಕ್ಸಿನವನು ನಕ್ಕ. "ಏನ್ ಟೈಪಮ್ಮ, ಸೊಸೆಗೆ ನೋಟಿಸ್ ಕೊಟ್ರಾ? ನಂಗೊಂದು ಪ್ರತಿ ಇಲ್ವಾ?"

"ನಿಂಗೆ ಮೂಲ ಪ್ರತೀನೇ ಕೊಡ್ತೀನಿ, ಸುಮ್ನಿರಪ್ಪ."

ಆ ಸಂಜೆ ಸೊಸೆ ಬಾಲ್ಕನಿಯಲ್ಲಿ ಗಂಡನೊಡನೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದಳು. ಒಳಗೆ ಬಟ್ಟೆ ಮಡಿಸುತ್ತಿದ್ದ ಟೈಪಮ್ಮನ ಬೆರಳುಗಳು, ಕಿವಿಗೆ ಬಿದ್ದದ್ದನ್ನೆಲ್ಲ ತಮ್ಮ ಪಾಡಿಗೆ ಟವೆಲಿನ ಮೇಲೆ ಟೈಪ್ ಮಾಡಿಕೊಂಡವು. ಸಾಲು ಮುಗಿದ ಮೇಲೆಯೇ ಅರ್ಥ ಎದೆಗೆ ಮುಟ್ಟಿದ್ದು: ನಿಮ್ಮಮ್ಮನಿಗೆ ನಾನು ಹಿಡಿಸಿಲ್ಲ. ನೀನು ಬಂದ ಕೂಡಲೇ ಬೇರೆ ಮನೆ ನೋಡೋಣ.

ಮರುದಿನ ಅವರು ಅಂಗಡಿಗೆ ಹೋಗಲಿಲ್ಲ. ಕಂಪ್ಯೂಟರು ಬಂದಾಗ ಅಂಗಡಿಯವರು ಕೊಟ್ಟಿದ್ದ ಹಳೆಯ ಟೈಪ್‌ರೈಟರಿನ ಮುಸುಕು ತೆಗೆದು, ಸೊಸೆಗೊಂದು ಇಂಗ್ಲಿಷ್ ಕಾಗದ ಬರೆಯಲು ಕೂತರು. 'ಮಾನ್ಯರೇ' ಎಂದು ಬಂತು. ಹಾಳೆ ಹರಿದರು. ತಪ್ಪಿರುವ ಹಾಳೆಯನ್ನು ಅವರ ಕೈ ಎಂದೂ ಹೊರಗೆ ಬಿಟ್ಟದ್ದಿಲ್ಲ. ಹರಿದು ಹರಿದು ಕೊನೆಗೆ ಉಳಿದದ್ದು ಒಂದೇ ಹಾಳೆ. ಅದರಲ್ಲಿ ತಪ್ಪನ್ನು ಹೊಡೆದುಹಾಕುವುದೇ ಗತಿ. 'ಮಾನ್ಯರೇ' ಹೊಡೆದುಹಾಕಿದರು. 'ಮೇಲ್ಕಂಡ ವಿಷಯವಾಗಿ' ಹೊಡೆದುಹಾಕಿದರು. 'ನೀನು ಹೋಗಬಾರದು ಎನ್ನಬಹುದಾಗಿದೆ' ಎಂದು ಬಂತು. 'ಎನ್ನಬಹುದಾಗಿದೆ'ಯನ್ನೂ ಹೊಡೆದುಹಾಕಿದರು. ಉಳಿದದ್ದನ್ನು ನೋಡುತ್ತ ನೋಡುತ್ತ, ಕಿಟಕಿಯ ಬಿಸಿಲಿನಲ್ಲಿ ಕುರ್ಚಿಗೊರಗಿದವರಿಗೆ ಕಣ್ಣು ಮುಚ್ಚಿತು.

ಕನಸಿನಲ್ಲಿ ಅಕ್ಷರಗಳು ಹಗ್ಗದ ಮೇಲೆ ಒಣಗುತ್ತಿದ್ದವು. ಗಾಳಿ ಬಂದಾಗ ಒಂದೊಂದೇ ಕೆಳಗೆ ಬೀಳುತ್ತಿತ್ತು. ಟಕ್. ಬಹಳ ಹೊತ್ತಿಗೆ ಇನ್ನೊಂದು, ಟಕ್. ಯಾರೋ ಹೊಸಬರು, ಒಂದೇ ಬೆರಳು, ಎಂದುಕೊಂಡರು ಕನಸಿನಲ್ಲೇ.

ಎಚ್ಚರವಾದಾಗ ಸೊಸೆ ಪಕ್ಕದಲ್ಲಿ ಬಗ್ಗಿ ನಿಂತಿದ್ದಳು. ಅವರ ಸಾಲಿನ ಕೆಳಗೆ, ಅಕ್ಷರ ಹಿಂದುಮುಂದಾದ ಇನ್ನೊಂದು ಸಾಲಿತ್ತು: ನಿಮಗೆ ನನ್ನ ಮೇಲೆ ಕೋಪ ಇಲ್ಲವೇ?

ಟೈಪಮ್ಮ ಆ ತಪ್ಪುಗಳನ್ನು ತಿದ್ದಲಿಲ್ಲ. ಕೆಳಗೆ ತಮ್ಮ ಬದುಕಿನ ಅತಿ ಚಿಕ್ಕ ಕಾಗದ ಹೊಡೆದರು: ಇಲ್ಲ. ಚಹಾ?

ಸೊಸೆ ನಕ್ಕಳು. ಕುರ್ಚಿ ಎಳೆದುಕೊಂಡು ಕೂತಳು. ಹಾಳೆ ಮುಗಿಯಿತು, ಹಿಂಬದಿಗೆ ತಿರುಗಿಸಿದರು. ಅದೂ ಮುಗಿಯುವ ಹೊತ್ತಿಗೆ ಇಬ್ಬರ ಬಾಯಿಗೂ ಕೆಲಸ ಹತ್ತಿತ್ತು. ಚಹಾ ಎರಡು ಸಲ ಆರಿತು.

ಸಂಜೆ ಮಗ ಫೋನ್ ಮಾಡಿ, ಸ್ನೇಹಿತನೊಬ್ಬ ಒಂದು ಮನೆ ತೋರಿಸುತ್ತಾನಂತೆ ಎಂದ. ಸೊಸೆ ಫೋನನ್ನು ಅತ್ತೆಯ ಕೈಗಿಟ್ಟಳು.

"ಮನೆ ಬೇಡ್ವಂತೆ ಕಣೋ," ಎಂದರು ಟೈಪಮ್ಮ. "ಬರ್ತಾ ಟೈಪ್‌ರೈಟರಿಗೆ ಎರಡು ರಿಬ್ಬನ್ ತಗೊಂಡ್ ಬಾ. ಇರೋದು ಸವೆದುಹೋಯ್ತು."