ಕೈ ತೊಳೆದು ಬಂದವರು

ಪಂಪ್‌ಸೆಟ್ ಮಾರಲು ನನ್ನನ್ನು ಊರೂರು ತಿರುಗಿಸುತ್ತಿದ್ದ ಹಿರಿಯರೊಬ್ಬರು, ಗುರುತಿಲ್ಲದ ಊರಲ್ಲಿ ಹೋಟೆಲಿನ ಬೋರ್ಡನ್ನಾಗಲಿ, ಫೋನು ತೋರಿಸುವ ರೇಟಿಂಗ್ ನಕ್ಷತ್ರಗಳನ್ನಾಗಲಿ ನಂಬುತ್ತಿರಲಿಲ್ಲ. ಅಗ್ಗದ ಹೋಟೆಲೊಂದರ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಕೂತ್ಕೋಬೇಡ, ಕೈ ತೊಳ್ಕೊಂಡ್ ಬರ್ತೀನಿ" ಎಂದು ಒಳಗೆ ಹೋಗುವರು. ಕೈ ತೊಳೆಯುವ ಜಾಗ ಎಷ್ಟು ಚೊಕ್ಕವೆಂದು ತಿಳಿಯುತ್ತದೆ, ಅಲ್ಲಿಂದ ಅಡುಗೆಮನೆಯೂ ಕಾಣುತ್ತದೆ. ಬಂದು ಕುರ್ಚಿ ಎಳೆದರೆ ಊಟ, ಎಳೆಯದಿದ್ದರೆ ಮುಂದಿನ ಹೋಟೆಲು. ತುಮಕೂರಿನಲ್ಲಿ ಒಮ್ಮೆ ನಾಲ್ಕು ಹೋಟೆಲು ದಾಟಿಸಿದರು. ಹಸಿವೆಂದು ಗೊಣಗಿದೆ. "ಇರ್ಲಿ ಬುಡು, ಐದನೇದು ಐತಲ್ಲ" ಎಂದು ನಡೆದರು.

ಹೋದ ವರ್ಷ ಅವರ ಅಳಿಯ ಕುಣಿಗಲ್‌ನಲ್ಲಿ ಹೋಟೆಲ್ ತೆರೆದ. ಮೊದಲ ದಿನ ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದರು. ಇವರು ನನಗೆ ಅದೇ ಮಾತು ಹೇಳಿ ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ರೇಷ್ಮೆ ಪಂಚೆ ಎತ್ತಿ ಕಟ್ಟಿ, ಕೈ ತೊಳೆಯುವ ಜಾಗದ ಪಾಚಿ ಉಜ್ಜುತ್ತಿದ್ದರು.

"ಬುಡಿ ಮಾವ, ನೆಂಟ್ರು ನೋಡ್ತವ್ರೆ" ಎಂದ ಅಳಿಯ, ತಲೆ ತಗ್ಗಿಸಿ.

"ನೋಡ್ಲಿ. ನಾಳೆ ನನ್ನಂಗೇ ಬೇರೆ ಊರೋನೊಬ್ಬ ಬತ್ತಾನೆ. ಅವ್ನೂ ನೋಡ್ತಾನೆ."

ಅಳಿಯ ಅವರ ಕೈಯಿಂದ ಬ್ರಷ್ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತ. ಅವನು ಉಜ್ಜಿ ಮುಗಿಸುವವರೆಗೆ ಇವರು ನಿಂತಿದ್ದು, ಅಲ್ಲೇ ಕೈ ತೊಳೆದು, ಹೊರಗೆ ಬಂದು ಕುರ್ಚಿ ಎಳೆದರು.