ಪ್ಯೋ ಮೇಷ್ಟ್ರ ಕ್ರಾಂತಿ

ಚೊಂಜು ಊರಿನ ಕಾಲೇಜಿನಲ್ಲಿ ಫ್ರಾನ್ಸಿನ ಇತಿಹಾಸ ಕಲಿಸುವ ಪ್ಯೋ ಮೇಷ್ಟ್ರು ವರ್ಷಕ್ಕೆರಡು ಸಲ ಅಲ್ಲಿನ ದೊರೆಯ ತಲೆ ತೆಗೆಯುತ್ತಾರೆ, ಅದೂ ಬರೀ ಸೀಮೆಸುಣ್ಣದಲ್ಲಿ. ಹುಡುಗರಾಗಿದ್ದಾಗ ರಾಜಧಾನಿ ಸಿಯೋಲ್‌ನ ಬೀದಿಗಳಲ್ಲಿ ಚಳವಳಿಗಿಳಿದು ಅಶ್ರುವಾಯು ಕುಡಿದು ಕಲಿತ ಕ್ರಾಂತಿ ಅದು. ಈಗಿನವರ ಸಂಶೋಧನೆ ಕಂಡರೆ ಮೂಗು ಮುರಿಯುತ್ತಾರೆ. ಇತಿಹಾಸಕಾರರ ಸಭೆ ಮುಗಿದು ಎಲ್ಲರೂ ಅಕ್ಕಿಹೆಂಡದ ಅಂಗಡಿಯಲ್ಲಿ ಕೂತಾಗ, ಫ್ರಾನ್ಸಿನ ಅತ್ತರಿನ ಚರಿತ್ರೆ ಬರೆದ ಶಿಷ್ಯೆ ಹ್ಯೇರಾನ್ ಹೂಜಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಷ್ಟ್ರ ಬಟ್ಟಲು ತುಂಬಿಸುತ್ತಾಳೆ. “ಏನಮ್ಮಾ, ಮುಂದಿನ ವರ್ಷ ರಾಣಿಯ ಒಳಲಂಗಾನಾ?” ಎಂದು ಮೇಷ್ಟ್ರು ಕೆಣಕುತ್ತಾರೆ. “ಅದನ್ನ ಬೇರೆಯವರು ಆಗ್ಲೇ ಬರೆದಾಯ್ತು ಮೇಷ್ಟ್ರೇ,” ಎಂದು ಅವಳು ಹಿರಿಯರೆದುರು ಕುಡಿಯುವ ಮರ್ಯಾದೆಗೆ ಮುಖ ಆಚೆ ತಿರುಗಿಸಿ ಗುಟುಕರಿಸುತ್ತಾಳೆ. ಈ ಸಲ ಹತ್ತು ಜನ ಸೇರದಿದ್ದರೆ ಕ್ರಾಂತಿಯ ತರಗತಿ ರದ್ದು ಎಂದು ಕಾಲೇಜಿನವರು ಹೇಳಿಬಿಟ್ಟರು, ಸೇರಿದ್ದು ನಾಲ್ವರು. “ಹೆಸರು ಬದಲಾಯ್ಸಿ. ‘ಫ್ರಾನ್ಸಿನ ಬ್ರೆಡ್ಡು’ ಅಂತ ಇಡಿ,” ಎಂದಳು ಹ್ಯೇರಾನ್. “ನಾನೇನು ಬೇಕರಿ ಇಟ್ಟಿದೀನಾ?” ಎಂದು ರೇಗಿದವರು ಮರುದಿನ ಹಾಗೆಯೇ ಇಟ್ಟರು. ಕೋಣೆ ತುಂಬಿತು. ಹಿಟ್ಟು, ಒಲೆ ಎಂದು ಕೆಲವು ವಾರ ಸಾಧುವಾಗಿ ನಡೆದ ಪಾಠದಲ್ಲಿ ಒಂದು ದಿನ ಬ್ರೆಡ್ಡಿನ ಬೆಲೆ ಏರಿತು, ಪ್ಯಾರಿಸ್ಸಿನ ಹೆಂಗಸರು ಮಳೆಯಲ್ಲಿ ನೆನೆಯುತ್ತ ದೊರೆಯ ಅರಮನೆಗೆ ಹೊರಟೇಬಿಟ್ಟರು. ಅವಧಿ ಮುಗಿಯಿತು, ಯಾರೂ ಏಳಲಿಲ್ಲ. “ಮೇಷ್ಟ್ರೇ, ಅವ್ರಿಗೆ ಬ್ರೆಡ್ ಸಿಕ್ತಾ?” ಎಂದಳು ಹಿಂದಿನ ಬೆಂಚಿನ ಹುಡುಗಿ. ಇಷ್ಟು ವರ್ಷಗಳ ಪಾಠದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಮೇಷ್ಟ್ರು ಹೆಗಲಿಗೇರಿಸಿದ್ದ ಚೀಲವನ್ನು ಮೆಲ್ಲಗೆ ಕೆಳಗಿಟ್ಟು, “ಕೇಳಿ, ಹೇಳ್ತೀನಿ,” ಎಂದರು.