ಗದ್ದುಗೆಗೆ ಹಾಸಿದ ಕಂಬಳಿ

ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಪ್ರೀತಿಸಿ, ಎಲ್ಲರೆದುರೇ ಕೈಹಿಡಿದು ನಡೆಯುವ ಕಾದಂಬರಿಯನ್ನು ಮೊಮ್ಮಗಳು ನನಗೆ ಓದಿ ಹೇಳಿದಳು. ಖುಷಿ ತಡೆಯಲಾಗಲಿಲ್ಲ. “ಕೊನೇದು ಇನ್ನೊಂದ್ಸಲ ಓದವ್ವ” ಅಂದೆ.

ಎಪ್ಪತ್ತರ ದಶಕದಲ್ಲಿ ನಾನೂ ನನ್ನೊಬ್ಬ ಗೆಳೆಯನೂ ಮದಕರಿಪುರದ ಕಡೆ ಕುರಿ ಕಾಯುತ್ತಿದ್ದೆವು. ಮಳೆ ಬಂದರೆ ಇಬ್ಬರಿಗೂ ನನ್ನದೊಂದೇ ಕಂಬಳಿ. ಜೀವಕ್ಕೆ ಜೀವ ಅಂತಿದ್ದೆವು. ಅದನ್ನು ಬಾಯಿಬಿಟ್ಟು ಹೇಳುವ ಮಾತು ಇಬ್ಬರಿಗೂ ಗೊತ್ತಿರಲಿಲ್ಲ.

ಅವನಿಗೆ ಮದುವೆ ಗೊತ್ತಾಯಿತು. ನಮ್ಮಲ್ಲಿ ಗಂಡುಹೆಣ್ಣನ್ನು ಕರಿಕಂಬಳಿಯ ಗದ್ದುಗೆಯ ಮೇಲೆ ಕೂರಿಸುತ್ತಾರೆ. “ನಿನ್ ಕಂಬ್ಳಿ ಚೆನ್ನಾಗೈತೆ, ತಂದು ಹಾಸಪ್ಪ” ಅಂದ ಅವನಪ್ಪ. ಹಾಸಿದೆ. ಕೂರುವ ಮುನ್ನ ಅವನು ಕಂಬಳಿಯನ್ನು ಸವರಿ ನನ್ನ ಕಡೆ ನೋಡಿದ, ಅಷ್ಟೆ. ಕಂಬಳಿ ಅವನ ಮನೆಯಲ್ಲೇ ಉಳಿಯಿತು; ಮುಂದಿನ ಮಳೆಗಳಿಗೆಲ್ಲ ನಾನೊಬ್ಬನೇ ನೆನೆದೆ.

“ಯಾಕ್ ತಾತ ಅಳ್ತೀಯ? ಕತೇಲಿ ಆ ಹುಡುಗ್ರು ಸೇರಿದ್ರಲ್ಲ!”

“ಅದಕ್ಕೇ ಕಣವ್ವ. ಓದು.”